ಹಂಚಿನ ಮನೆಯ ಅಟ್ಟದಲ್ಲಿ ಸುರುಳಿ ಪೈಪ್: ಕರೆಂಟ್ ವಯರ್ ಜೊತೆ ಇಂಟರ್ನೆಟ್ ವಯರ್ ಹಾಕಬಹುದಾ?

ಹಟ್ಟಿ_ಆಫೀಸ್ (ಕಲ್ಯಾಣಪುರ, ಉಡುಪಿ)

ಎಲ್ಲರಿಗೂ ನಮಸ್ಕಾರ. ವಯರಿಂಗ್ ವಿಷಯದಲ್ಲಿ ನನ್ನ ಜ್ಞಾನ ಇಷ್ಟೇ: ಕರೆಂಟ್ ಹೋದರೆ ಅಮ್ಮನಿಗಿಂತ ಮೊದಲು ಟಾರ್ಚ್ ಹುಡುಕುತ್ತೇನೆ. ಹಾಗಾಗಿ ಪ್ರಶ್ನೆ ಪೆದ್ದಾಗಿದ್ದರೆ ಬೈಯಬೇಡಿ.

ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಮೇಲೆ ಅಟ್ಟ. ನಾಲ್ಕು ವರ್ಷದ ಹಿಂದೆ ಬೆಂಗಳೂರು ಬಿಟ್ಟು ಬಂದೆ. ದನ ಮಾರಿ ಖಾಲಿ ಬಿದ್ದಿದ್ದ ಹಟ್ಟಿಯನ್ನು ಸುಣ್ಣ ಬಳಿದು ಆಫೀಸು ಮಾಡಿಕೊಂಡೆ. ಅಲ್ಲಿ ಕೂತು ಮೂರು ಕಂಪೆನಿಗಳ ಲೆಕ್ಕ ಬರೆಯುತ್ತೇನೆ. ಮೋಡೆಮ್ ಇರುವುದು ಮನೆಯ ಚಾವಡಿಯಲ್ಲಿ. ಅಲ್ಲಿಂದ ಹಟ್ಟಿಗೆ ಟೇಪ್ ಹಿಡಿದು ಅಳೆದರೆ 28 ಮೀಟರ್.

ಈಗ ಮನೆಯ ಹಳೇ ಮರದ ಪಟ್ಟಿಯ ವಯರಿಂಗ್ ಪೂರ್ತಿ ಕಿತ್ತು ಹೊಸದು ಮಾಡಿಸುತ್ತಿದ್ದೇವೆ. ಅದರ ಜೊತೆಗೇ ಹಟ್ಟಿಗೆ ಒಂದು ಇಂಟರ್ನೆಟ್ ಕೇಬಲ್, ಗೇಟಿಗೊಂದು ಮತ್ತು ಬಾವಿಕಟ್ಟೆಗೊಂದು ಕ್ಯಾಮೆರಾ, ತುಳಸಿಕಟ್ಟೆಗೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಇಷ್ಟೂ ಆಗಬೇಕು. (ಬಾವಿಕಟ್ಟೆಗೆ ಕ್ಯಾಮೆರಾ ಯಾಕೆ ಅಂದರೆ ಮಂಗಗಳು. ಬೊಂಡ ಕುಡಿದು ಚಿಪ್ಪನ್ನು ಬಾವಿಗೇ ಹಾಕುತ್ತವೆ. ಅಮ್ಮ ಪಕ್ಕದ ಮನೆಯ ಮಕ್ಕಳನ್ನು ಬೈಯುತ್ತಾರೆ. ನನಗೆ ಸಾಕ್ಷಿ ಬೇಕು.)

ವಯರ್‌ಮ್ಯಾನ್ ಬೂದು ಬಣ್ಣದ ಸುರುಳಿ ಪೈಪಿನ ದೊಡ್ಡ ಕಟ್ಟು ತಂದಿದ್ದಾರೆ. ಕೈಯಲ್ಲೇ ಬಗ್ಗುತ್ತದೆ, ಎರೆಹುಳದ ಹಾಗೆ ಗೆರೆ ಗೆರೆ. ಅವರು ಹೇಳಿದ್ದು: "ಎಲ್ಲ ಒಂದೇ ಪೈಪಲ್ಲಿ ತುರುಕುವ ಅಕ್ಕ. ನಿಮ್ದು ಲೋ ವೋಲ್ಟೇಜ್ ಅಲ್ವಾ, ಎಂತ ಆಗ್ತದೆ?"

ಅಮೆರಿಕದಲ್ಲಿರುವ ಅಣ್ಣನ ಮಗ ಮಾತ್ರ ಒಪ್ಪುವುದಿಲ್ಲ. ಕಿತ್ತಳೆ ಬಣ್ಣದ ಸುರುಳಿ ಪೈಪಿನ ಫೋಟೋ ಕಳಿಸಿ "ಲೋ ವೋಲ್ಟೇಜಿಗೆ ಇದೇ ಆಗಬೇಕು, ನ್ಯಾಷನಲ್ ಇಲೆಕ್ಟ್ರಿಕಲ್ ಕೋಡ್ ಹಾಗೆ ಹೇಳುತ್ತದೆ" ಎಂದ. ನಾನು ಉಡುಪಿಗೆ ಹೋಗಿ ಹುಡುಕಿ ಹುಡುಕಿ ಕಿತ್ತಳೆ ಬಣ್ಣದ್ದೇ 50 ಮೀಟರ್ ತಂದೆ. ವಯರ್‌ಮ್ಯಾನ್ ನೋಡಿ ನಕ್ಕರು. ಯಾಕೆ ನಕ್ಕರು ಅಂತ ಹೇಳಲಿಲ್ಲ. ಈಗ ಎರಡೂ ಕಟ್ಟು ಚಾವಡಿಯಲ್ಲಿ ಬಿದ್ದಿವೆ, ಕೆಲಸ ನಿಂತಿದೆ.

ಎಲ್ಲ ಒಂದೇ ಪೈಪಲ್ಲಿ ಹೋಗಬಹುದಾ? ಬೂದು ಸರಿಯೋ, ಕಿತ್ತಳೆ ಸರಿಯೋ? ಅಟ್ಟದಲ್ಲಿ ಇಲಿಗಳೂ ಇವೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಸುಮ್ನೆ_ಓದುವವ

ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು ವೈಫೈ ಎಕ್ಸ್‌ಟೆಂಡರ್ ಹಾಕಿ, ಮುಗೀತು.

ಹಟ್ಟಿ_ಆಫೀಸ್

ಹಾಕಿ ನೋಡಿದ್ದೇನೆ. ನಡುವೆ ಎರಡು ಮುರಕಲ್ಲಿನ ಗೋಡೆ, ಒಂದು ಹಲಸಿನ ಮರ. ಮಳೆ ಬಂದು ಮರ ಒದ್ದೆಯಾದರೆ ಜಿಎಸ್‌ಟಿ ಪೋರ್ಟಲ್ ತೆರೆಯುವುದೇ ಇಲ್ಲ. 20ನೇ ತಾರೀಕಿನ ರಾತ್ರಿ ಲ್ಯಾಪ್‌ಟಾಪ್ ಹಿಡಿದು ಚಾವಡಿಗೆ ಓಡಿ ಸಾಕಾಗಿದೆ.

ಪಡುಬಿದ್ರಿ_ವಯರ್‌ಮ್ಯಾನ್

ಅಕ್ಕ, ಪ್ರಶ್ನೆ ಪೆದ್ದಲ್ಲ. ನಾನು ಈ ಕೆಲಸಕ್ಕೆ ಬಂದು 22 ವರ್ಷ ಆಯಿತು, ನಮ್ಮವರಲ್ಲೂ ಅರ್ಧ ಜನಕ್ಕೆ ಇದು ಗೊತ್ತಿಲ್ಲ.

ಮೊದಲು "ಲೋ ವೋಲ್ಟೇಜ್" ಎನ್ನುವ ಮಾತು ಬಿಡಿಸುವ. ಅಣ್ಣನ ಮಗ ಹೇಳುವ ಲೋ ವೋಲ್ಟೇಜ್ ಅಂದರೆ ಡೋರ್‌ಬೆಲ್, ಕ್ಯಾಮೆರಾ, ಇಂಟರ್ನೆಟ್. ನಮ್ಮ ಪುಸ್ತಕದಲ್ಲಿ ಹಾಗಲ್ಲ. 1956ರ ವಿದ್ಯುತ್ ನಿಯಮದಲ್ಲಿ 250 ವೋಲ್ಟಿನವರೆಗೆ ಲೋ ವೋಲ್ಟೇಜ್ ಎಂದೇ ಇತ್ತು. ಈಗಿನ ಲೆಕ್ಕದಲ್ಲಿ ಎಸಿ 1000 ವೋಲ್ಟಿನವರೆಗೂ ಲೋ ವೋಲ್ಟೇಜೇ. ಅಂದರೆ ನಿಮ್ಮ ಮಿಕ್ಸಿಗೆ ಬರುವ 230 ವೋಲ್ಟ್ ಕೂಡ ಲೋ ವೋಲ್ಟೇಜ್, ಮುಟ್ಟಿದರೆ ಸಾಯಿಸುವ ಲೋ ವೋಲ್ಟೇಜ್. ನಿಮ್ಮ ಕ್ಯಾಮೆರಾ, ಇಂಟರ್ನೆಟ್ ಎಲ್ಲ ಸುಮಾರು 50 ವೋಲ್ಟ್ ಅಥವಾ ಅದಕ್ಕಿಂತ ಕೆಳಗಿನವು. ಅವಕ್ಕೆ ಎಕ್ಸ್‌ಟ್ರಾ ಲೋ ವೋಲ್ಟೇಜ್ ಎಂದು ಬೇರೆ ಹೆಸರಿದೆ. ನಿಮ್ಮ ವಯರ್‌ಮ್ಯಾನ್ ಇವೆರಡನ್ನು ಒಂದು ಮಾಡಿದ್ದಾರೆ.

ಒಂದೇ ಪೈಪ್ ಬೇಡ. ಇದರಲ್ಲಿ ರಾಜಿ ಇಲ್ಲ. ಕರೆಂಟಿನ ವಯರ್ ಐಎಸ್ 694 (ಐಎಸ್ ಅಂದರೆ ಭಾರತೀಯ ಮಾನಕ) ಪ್ರಕಾರದ್ದು, 230 ವೋಲ್ಟನ್ನು ಧಾರಾಳವಾಗಿ ತಡೆಯುವ ಪಿವಿಸಿ ಅದರ ಮೈಮೇಲೆ ಇರುತ್ತದೆ. ಇಂಟರ್ನೆಟ್ ಕೇಬಲ್ಲಿಗೆ ಅಷ್ಟು ತಾಕತ್ತಿಲ್ಲ. ಒಂದು ಪೈಪಿನಲ್ಲಿ ಬೇರೆ ಬೇರೆ ವೋಲ್ಟೇಜಿನ ವಯರ್ ಹೋಗಬೇಕಾದರೆ ಎಲ್ಲದರ ಮೇಲ್ಮೈಯೂ ಅದರಲ್ಲಿರುವ ದೊಡ್ಡ ವೋಲ್ಟೇಜನ್ನು ತಡೆಯಬೇಕು. ಈಗ ಇಲಿಯ ವಿಷಯಕ್ಕೆ ಬನ್ನಿ. ಇಲಿ ಎರಡೂ ವಯರನ್ನು ಒಂದೇ ಜಾಗದಲ್ಲಿ ಕಚ್ಚಿತು ಅಂತ ಇಟ್ಟುಕೊಳ್ಳಿ. 230 ವೋಲ್ಟ್ ಇಂಟರ್ನೆಟ್ ಕೇಬಲ್ಲಿನೊಳಗೆ ಇಳಿದು ಗೇಟಿನ ಕ್ಯಾಮೆರಾದ ತಗಡಿನ ಮೈಗೆ ಬರಬಹುದು, ಹಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪಿಗೂ ಬರಬಹುದು. ಫ್ಯೂಸ್ ಹಾರಬೇಕೆಂದೇನೂ ಇಲ್ಲ. ನನ್ನ ಕಣ್ಣಾರೆ ಒಂದು ಕಡೆ ಟಿವಿ ಕೇಬಲ್ಲಿನಲ್ಲಿ ಹೀಗೆ ಕರೆಂಟ್ ಬಂದದ್ದು ನೋಡಿದ್ದೇನೆ. ಟೆಸ್ಟರ್ ಉರಿಯುತ್ತಿತ್ತು, ಮನೆಯವರು "ಸ್ವಲ್ಪ ಜುಮ್ ಅಂತದೆ" ಎಂದು ಆರು ತಿಂಗಳು ಸುಮ್ಮನಿದ್ದರು.

ಕರೆಂಟಿಗೆ ಒಂದು ಪೈಪ್, ಉಳಿದದ್ದಕ್ಕೆ ಇನ್ನೊಂದು. ಪಕ್ಕಾಸಿನ ಆ ಬದಿ ಅದು, ಈ ಬದಿ ಇದು. ಒಂದನ್ನೊಂದು ದಾಟಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ. ಜಂಕ್ಷನ್ ಬಾಕ್ಸೂ ಬೇರೆ ಬೇರೆ. ಇದನ್ನು ಬಹಳ ಜನ ಮರೆಯುತ್ತಾರೆ. ಪೈಪ್ ಎರಡು ಹಾಕಿ ಕೊನೆಗೆ ಒಂದೇ ಡಬ್ಬಿಗೆ ತಂದು ಸೇರಿಸುತ್ತಾರೆ.

ಈಗ ಪೈಪ್ ಯಾವುದು. ನಮ್ಮಲ್ಲಿ ಗಟ್ಟಿ ಪ್ಲಾಸ್ಟಿಕ್ ಪೈಪಿಗೆ ಐಎಸ್ 9537ರ 3ನೇ ಭಾಗ. ಬಗ್ಗುವ, ಮೆಟ್ಟಿದರೂ ಮತ್ತೆ ಉಬ್ಬುವ ಪೈಪಿಗೆ 4ನೇ ಭಾಗ. ಐಎಸ್ 6946 ಅಂತ ಹಳೆಯದೊಂದೂ ಇದೆ, 1973ರದ್ದು, ಅದೂ ಬಗ್ಗುವ ಪೈಪಿಗೇ. ಬೂದು ಪೈಪಿನ ಮೈಮೇಲೆ ಈ ನಂಬರ್ ಅಚ್ಚಾಗಿದೆಯಾ ನೋಡಿ. ಬರೇ ಕಂಪೆನಿ ಹೆಸರು, "ಹೆವಿ ಕ್ವಾಲಿಟಿ" ಅಂತ ಇದ್ದರೆ ವಾಪಸ್ ಕೊಡಿ. ಚಪ್ಪಲಿ ಹಾಕಿ ಒಂದು ಸಲ ಮೆಟ್ಟಿ. ಒಳ್ಳೆಯದಾದರೆ ಸ್ವಲ್ಪ ಹೊತ್ತಿಗೆ ಮೊದಲಿನ ಹಾಗೆ ಆಗುತ್ತದೆ. ಕೆಟ್ಟದು ಅಪ್ಪಚ್ಚಿಯಾಗಿಯೇ ಇರುತ್ತದೆ, ಅದರಲ್ಲಿ ವಯರ್ ಎಳೆಯಲು ಹೋದರೆ ನಮ್ಮ ಕೈ ಹೋಗುತ್ತದೆ.

ಒಂದು ಸತ್ಯ ಹೇಳುತ್ತೇನೆ. ಅಟ್ಟದಲ್ಲಿ ನೇರ ಹೋಗುವ ಕಡೆ ನಾನು ಸುರುಳಿ ಪೈಪ್ ಹಾಕುವುದೇ ಇಲ್ಲ. ಗಟ್ಟಿ ಪೈಪೇ. ಪಕ್ಕಾಸಿನಿಂದ ಗೋಡೆಗೆ ಇಳಿಯುವಲ್ಲಿ, ಎಲ್ಬೋ ಕೂರದ ಮೂಲೆಯಲ್ಲಿ ಮಾತ್ರ ಒಂದೆರಡು ಅಡಿ ಸುರುಳಿ. ಸುರುಳಿ ಪೈಪ್ ಇಲಿಗೆ ಏಣಿ ಇದ್ದ ಹಾಗೆ, ಗೆರೆ ಹಿಡಿದು ಹತ್ತುತ್ತದೆ, ಹಲ್ಲಿಗೂ ಸುಲಭ. ವಯರ್‌ಮ್ಯಾನಿಗೆ ಸುರುಳಿ ಇಷ್ಟ ಯಾಕೆ ಅಂದರೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಕಬ್ಬಿಣದ ಸುರುಳಿ ಪೈಪ್ ಹಾಕುವ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಸಮುದ್ರದ ಗಾಳಿಗೆ ನಾನು ಹಾಕಿದ್ದು ಮೂರೇ ವರ್ಷದಲ್ಲಿ ಪುಡಿಯಾಗಿತ್ತು.

ಪೈಪ್ ಪ್ಲಾಸ್ಟಿಕ್ ಅಲ್ವಾ, ಅದರಲ್ಲಿ ಅರ್ತ್ ಹೋಗುವುದಿಲ್ಲ. ಪ್ರತಿ ಪ್ಲಗ್ಗಿಗೂ ಹಸಿರು ವಯರ್ ಬೇರೆಯೇ ಎಳೆಸಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದು ಹಾಕಿಸಿ. ಆಮೇಲೆ ಮಂಗನ ಕ್ಯಾಮೆರಾ.

ಕುಂದಾಪುರ_ಟು_ಟೆಕ್ಸಾಸ್

ಕಿತ್ತಳೆ ಪೈಪಿನ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಕಟ್ಟಡಗಳ ಕೇಬಲಿಂಗ್ ನನ್ನ ಕೆಲಸ.

ತಮಾಷೆ ಏನೆಂದರೆ "ನ್ಯಾಷನಲ್ ಇಲೆಕ್ಟ್ರಿಕಲ್ ಕೋಡ್" ಹೆಸರಲ್ಲಿ ಎರಡು ಪುಸ್ತಕ ಇವೆ. ಅಮೆರಿಕದ್ದು ಎನ್‌ಎಫ್‌ಪಿಎ 70, ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಭಾರತದ್ದು ಎಸ್‌ಪಿ 30, ಮೊದಲು ಬಂದದ್ದು 1985ರಲ್ಲಿ, ಆಮೇಲೆ 2011, 2023. ಹೆಸರು ಒಂದೇ, ಒಳಗಿನ ಸಂಗತಿ ಬೇರೆ. ನಿಮ್ಮ ಅಣ್ಣನ ಮಗ ತನ್ನ ಊರಿನ ಪುಸ್ತಕ ಹೇಳಿದ್ದಾನೆ. ಕಲ್ಯಾಣಪುರಕ್ಕೆ ಆಗುವುದಿಲ್ಲ ಅಷ್ಟೇ.

ಇಲ್ಲಿ ಈ ಬಗ್ಗುವ ಪ್ಲಾಸ್ಟಿಕ್ ಪೈಪಿಗೆ 362ನೇ ಆರ್ಟಿಕಲ್ ಇದೆ. ಕರೆಂಟಿನ ಪೈಪ್ ಸಾಮಾನ್ಯವಾಗಿ ನೀಲಿ, ಕೆಲಸದವರು ಅದನ್ನು ಸ್ಮರ್ಫ್ ಟ್ಯೂಬ್ ಎನ್ನುತ್ತಾರೆ, ಆ ನೀಲಿ ಕಾರ್ಟೂನ್ ಗೊಂಬೆಗಳ ಹೆಸರಲ್ಲಿ. ಕಿತ್ತಳೆ ಬಣ್ಣ ಇಂಟರ್ನೆಟ್, ಫೋನಿಗೆ. ಅಣ್ಣನ ಮಗ ನೋಡಿದ್ದು ಅದು. ಇದು ವ್ಯಾಪಾರದ ರೂಢಿ. ಬಣ್ಣ ಇಂಥದ್ದೇ ಆಗಬೇಕು ಎಂದು 362ರಲ್ಲಿ ಇಲ್ಲ.

ಆದರೆ ಯುರೋಪಿನ ಕಡೆ ನಡೆಯುವ ಐಇಸಿ 61386 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಕಿತ್ತಳೆಗೆ ಬೇರೆಯೇ ಅರ್ಥ. ಬೆಂಕಿ ಹಿಡಿದರೆ ಹರಡುತ್ತಾ ಹೋಗುವ ಪೈಪಿಗೆ ಕಿತ್ತಳೆ ಬಣ್ಣವೇ ಇರಬೇಕು ಎನ್ನುತ್ತದೆ ಅದು. ಅಂಥ ಪೈಪನ್ನು ಕಾಂಕ್ರೀಟಿನೊಳಗೆ ಹುಗಿಯಬೇಕು, ಹೊರಗೆ ಬಿಡಬಾರದು. ಒಂದು ದೇಶದಲ್ಲಿ ಕಿತ್ತಳೆ ಅಂದರೆ "ಇಂಟರ್ನೆಟ್", ಇನ್ನೊಂದು ಕಡೆ "ಉರಿಯುತ್ತದೆ, ಜಾಗ್ರತೆ". ನೀವು ಉಡುಪಿಯಲ್ಲಿ ತಂದದ್ದು ಯಾವುದು ಅಂತ ಬಣ್ಣ ನೋಡಿ ಯಾರೂ ಹೇಳಲಾರರು. ಪಾಲಿಥೀನ್ ಆಗಿದ್ದರೆ ಒಣ ಮರದ ಪಕ್ಕಾಸಿನ ಮೇಲೆ ಅದನ್ನು ಹಾಸುವುದು ದೀಪದ ಬತ್ತಿ ಹಾಸಿದ ಹಾಗೆ.

ಪರೀಕ್ಷೆ ಸುಲಭ. ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ, ಗೇಣುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಬೆಂಕಿ ತೆಗೆದ ಮೇಲೆ ಪಿವಿಸಿ ತಾನೇ ಆರುತ್ತದೆ, ಹೊಗೆ ಮೂಗಿಗೆ ಖಾರ ಖಾರ, ಕುಡಿಯಬೇಡಿ. ಪಾಲಿಥೀನ್ ಮೇಣದಬತ್ತಿಯ ಹಾಗೆ ಉರಿಯುತ್ತಾ ತೊಟ್ಟಿಕ್ಕುತ್ತದೆ. ವಾಸನೆಯೂ ಮೇಣದ್ದೇ.

ಇಲ್ಲಿನ ಪುಸ್ತಕದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿಗಳೂ ಇವೆ, ಕಾನೂನೆಂದಲ್ಲ, ಬುದ್ಧಿಮಾತು ಎಂದು ತೆಗೆದುಕೊಳ್ಳಿ. ಎರಡು ಬಾಕ್ಸುಗಳ ನಡುವೆ ಎಲ್ಲ ತಿರುವು ಸೇರಿ 360 ಡಿಗ್ರಿ ದಾಟಬಾರದು. ಮೂರು ಅಡಿಗೊಮ್ಮೆ ಪೈಪನ್ನು ಹಿಡಿದು ಕಟ್ಟಬೇಕು. ಬಿಸಿಲಿಗೆ ತಡೆಯುತ್ತದೆ ಎಂದು ಗುರುತು ಇಲ್ಲದ ಪೈಪನ್ನು ಬಿಸಿಲಿಗೆ ಬಿಡಬಾರದು. ನೇರ ಮಣ್ಣಲ್ಲಿ ಹುಗಿಯಬಾರದು. ಸುತ್ತಲಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವಲ್ಲಿ ಹಾಕಬಾರದು. ಮತ್ತೆ ಪೈಪ್ ತುಂಬಾ ತುರುಕಬಾರದು: ಮೂರು ಅಥವಾ ಜಾಸ್ತಿ ವಯರ್ ಇದ್ದರೆ ಒಳಗಿನ ಜಾಗದ 40 ಶೇಕಡ ಮಾತ್ರ.

ಈ 40 ಶೇಕಡದ ಲೆಕ್ಕ ಲೆಕ್ಕದವರಿಗೆ ಹಿಡಿಸಬಹುದು. ನಿಮ್ಮ ಸುರುಳಿ ಪೈಪಿನ ಒಳಗಿನ ಅಡ್ಡಳತೆ ಅಳೆದು ಹೇಳಿ.

ಹಟ್ಟಿ_ಆಫೀಸ್

ಅಳೆದೆ. 20 ಮಿ.ಮೀ. ಎಂದು ಮಾರುವ ಬೂದು ಪೈಪಿನ ಒಳಗೆ 14 ಮಿ.ಮೀ. ಮಾತ್ರ ಇದೆ! 25ರದ್ದರಲ್ಲಿ 18. ಇಂಟರ್ನೆಟ್ ಕೇಬಲ್ ದಪ್ಪ 6 ಮಿ.ಮೀ. ಲೆಕ್ಕ ಹಾಕಿದೆ: ಒಂದು ಕೇಬಲ್ 28 ಚದರ ಮಿ.ಮೀ., ಮೂರಕ್ಕೆ 85. 20ರ ಪೈಪಿನ ಒಳಜಾಗ 154. ಅಂದರೆ 55 ಶೇಕಡ ತುಂಬುತ್ತದೆ. 25ರದ್ದರಲ್ಲಿ 254, ಅಲ್ಲಿ 33 ಶೇಕಡ. ಹಟ್ಟಿಗೊಂದು, ಕ್ಯಾಮೆರಾಕ್ಕೆ ಎರಡು, ಒಟ್ಟು ಮೂರು. 25 ಬೇಕು ಅಂತಾಯಿತು. ಇಷ್ಟು ವರ್ಷ ಬೇರೆಯವರ ಜಿಎಸ್‌ಟಿ ಲೆಕ್ಕ ಹಾಕಿ ಸಿಗದ ಖುಷಿ ಇದರಲ್ಲಿ ಸಿಕ್ಕಿತು.

ಕಿತ್ತಳೆ ಪೈಪ್ ಸುಡುವ ಕೆಲಸ ಸಂಜೆಗೆ. ಅಮ್ಮ ಬಚ್ಚಲ ಒಲೆಯ ಇಕ್ಕಳ ಕೊಡಲು ಒಪ್ಪುತ್ತಿಲ್ಲ.

ಸುರತ್ಕಲ್_ರಿಟೈರ್ಡ್

ಬೆಂಕಿಯ ಮಾತಾಯಿತು, ನೀರಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಊರಲ್ಲಿ ಮನೆ ಸುಡುವುದಕ್ಕಿಂತ ಸೋರುವುದೇ ಜಾಸ್ತಿ.

ನಮ್ಮ ಮನೆಯ ಕತೆ ಕೇಳಿ. ಗೇಟಿನ ಕಂಬದ ಕ್ಯಾಮೆರಾದಿಂದ ಸುರುಳಿ ಪೈಪ್ ಗೋಡೆ ಹತ್ತಿ, ಮಾಡಿನ ಕೆಳಗೆ ಬಂದು, ಒಳಗೆ ರೆಕಾರ್ಡರ್ ಇಟ್ಟ ಡಬ್ಬಿಗೆ ಇಳಿಯುತ್ತಿತ್ತು. ನೋಡಲು ಚಂದ. ಜೂನ್ ಕಳೆದು ಜುಲೈ ಬಂತು. ಒಂದು ರಾತ್ರಿ ಡಬ್ಬಿಯಿಂದ ಟಿಕ್ ಟಿಕ್ ಶಬ್ದ. ಹಲ್ಲಿ ಎಂದುಕೊಂಡೆ. ಬೆಳಿಗ್ಗೆ ತೆರೆದರೆ ಒಳಗೆ ಒಂದು ಲೋಟ ನೀರು, ಅದರಲ್ಲಿ ರೆಕಾರ್ಡರ್ ಕೂತಿದೆ. ಮಾಡಿನ ಕೆಳಗೆ ಪೈಪಿಗೆ ಸಣ್ಣ ಬಿರುಕು ಇತ್ತು, ಬಿಸಿಲಿಗೆ ಒಡೆದದ್ದು. ಅಲ್ಲಿ ಹೊಕ್ಕ ನೀರು ಗೆರೆ ಗೆರೆಯಲ್ಲಿ ನಿಂತು, ತುಂಬಿ, ಒಳಗಿನ ಇಳಿಜಾರು ಹಿಡಿದು ಸೀದಾ ಡಬ್ಬಿಗೆ. ನಾವೇ ಕಾಲುವೆ ಕಟ್ಟಿ ನೀರು ತಂದ ಹಾಗಾಯಿತು ಮಾರಾಯ್ರೆ.

ಹೊರಗಿಂದ ಒಳಗೆ ಬರುವ ಪೈಪ್ ಯಾವತ್ತೂ ಹೊರಗಿನ ಕಡೆಗೇ ಇಳಿಜಾರಾಗಿರಬೇಕು. ಒಳಗೆ ಹೊಗುವ ಮೊದಲು ಒಮ್ಮೆ ಕೆಳಗೆ ಬಗ್ಗಿಸಿ ಮೇಲೆತ್ತಬೇಕು, ಆ ಬಗ್ಗಿದ ತಳದಲ್ಲಿ ಒಂದು ಸಣ್ಣ ತೂತು ಬಿಡಬೇಕು. ನೀರು ಅಲ್ಲೇ ಬಿದ್ದು ಹೋಗುತ್ತದೆ. ಪೈಪಿನ ಬಾಯಿಯನ್ನು ಒಳಗಿನ ಕಡೆ ಮುಚ್ಚಬೇಕು. ಹೊರಗಿನ ಬಿಸಿಲಿಗೆ ಬೂದು ಪೈಪ್ ಬೇಡ, ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ತಡೆಯುತ್ತದೆ.

ಮತ್ತೆ ಸಿಡಿಲು. ಪತ್ತನಾಜೆಯ (ಮೇ ಕೊನೆಯ) ಆಸುಪಾಸಿನ ಮಳೆ ನಿಮಗೆ ಗೊತ್ತುಂಟಲ್ಲ. ಮನೆಯಿಂದ ಹಟ್ಟಿಗೆ 28 ಮೀಟರ್ ತಾಮ್ರದ ಕೇಬಲ್ ಎಳೆದರೆ ಒಂದು ಕಡೆ ಹತ್ತಿರ ಸಿಡಿಲು ಬಿದ್ದರೂ ಎರಡೂ ಕಡೆಯ ಸಾಮಾನು ಹೋಗಬಹುದು. ಅಲ್ಲಿಗೆ ಫೈಬರ್ ಹಾಕಿ. ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡು ತುದಿಗೆ ಎರಡು ಸಣ್ಣ ಪೆಟ್ಟಿಗೆ ಬೇಕು, ಅಷ್ಟೇ. ಒಳಗೆ ಬಲಕ್ಕೆಂದು ಲೋಹದ ತಂತಿ ಹಾಕಿರದ ಫೈಬರ್ ಕೇಳಿ ತನ್ನಿ. ತಂತಿ ಇದ್ದರೆ ಫೈಬರ್ ಹಾಕಿದ್ದಕ್ಕೆ ಅರ್ಥ ಇಲ್ಲ.

ಪಡುಬಿದ್ರಿ_ವಯರ್‌ಮ್ಯಾನ್

ಸುರತ್ಕಲ್ ಸರ್ ಹೇಳಿದ್ದು ನೂರಕ್ಕೆ ನೂರು. ಮುರಕಲ್ಲೂ ಮಳೆಗಾಲದಲ್ಲಿ ನೀರು ಎಳೆಯುತ್ತದೆ, ಗೋಡೆಯೊಳಗೆ ಕಬ್ಬಿಣದ ಬಾಕ್ಸ್ ಕೂರಿಸಬೇಡಿ, ಪ್ಲಾಸ್ಟಿಕ್ ಬಾಕ್ಸೇ ಇರಲಿ.

ತುಳಸಿಕಟ್ಟೆಯ ಪಟ್ಟಿ ಮರೆತಿದ್ದೆ. 12 ವೋಲ್ಟನ್ನು ಚಾವಡಿಯಿಂದ ತೆಳು ವಯರಲ್ಲಿ ಎಳೆದರೆ ಕಟ್ಟೆಗೆ ಹೋಗುವಷ್ಟರಲ್ಲಿ ಬೆಳಕು ಮಂಕು. ಅರ್ಧ ಚದರ ಮಿ.ಮೀ. ತಾಮ್ರದ ವಯರ್ ಕಿಲೋಮೀಟರಿಗೆ ಸುಮಾರು 39 ಓಮ್. 30 ಮೀಟರ್ ದೂರ ಅಂದರೆ ಹೋಗಿ ಬಂದು 60 ಮೀಟರ್, ಒಂದು ಆಂಪಿಯರ್ ಹರಿದರೆ ಎರಡು ಕಾಲು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಖಾಲಿ. ಒಂದೂವರೆ ಚದರದ್ದು ಹಾಕಿದರೆ ಮುಕ್ಕಾಲು ವೋಲ್ಟ್ ಚಿಲ್ಲರೆ ಮಾತ್ರ. ಆ ವಯರ್ ಕ್ಯಾಮೆರಾ ಕೇಬಲ್ಲಿನ ಪೈಪಿಗೆ ಸೇರಿಸಬೇಡಿ, ನಿಮ್ಮ 33 ಶೇಕಡದ ಲೆಕ್ಕ ಕೆಡುತ್ತದೆ. ಬೇರೆ ಸಣ್ಣ ಪೈಪ್ ಹಾಕಿ.

ಹಟ್ಟಿ_ಆಫೀಸ್

ವರದಿ ಒಪ್ಪಿಸುತ್ತೇನೆ.

ಬೂದು ತುಂಡು ಬೆಂಕಿ ತೆಗೆದ ಕೂಡಲೇ ಆರಿತು. ಕಿತ್ತಳೆ ಆರಲೇ ಇಲ್ಲ. ನೀಲಿ ಬುಡದ ಜ್ವಾಲೆ, ಉರಿಯುವ ಹನಿ ಟಪ್ ಟಪ್ ಎಂದು ಅಂಗಳದ ಸೆಗಣಿ ಸಾರಿಸಿದ ನೆಲಕ್ಕೆ ಬಿತ್ತು. ವಾಸನೆ ಮೇಣದಬತ್ತಿಯದೇ. ಅಮ್ಮ ನೆಲ ನೋಡಿದರು, ನನ್ನನ್ನು ನೋಡಿದರು, ಮತ್ತೆ ಆ ಕಟ್ಟನ್ನು ಎತ್ತಿ ಚಾವಡಿಯಿಂದ ಹೊರಗಿಟ್ಟರು.

ಅಣ್ಣನ ಮಗನಿಗೆ ವೀಡಿಯೋ ಕಳಿಸಿದೆ. "ಇಲ್ಲಿಯದ್ದು ಪಿವಿಸಿ, ಆರುತ್ತದೆ" ಎಂದು ಉತ್ತರ ಬಂತು. ಇಬ್ಬರೂ ಸರಿ, ಪೈಪ್ ಮಾತ್ರ ಬೇರೆ.

ವಯರ್‌ಮ್ಯಾನ್ ಹತ್ತಿರ ಕೂತು ಮಾತಾಡಿದೆ. ಮೊದಲು ಸ್ವಲ್ಪ ಮುಖ ಊದಿಸಿದರು. "ಯಾಕೆ ನಕ್ಕಿರಿ" ಎಂದು ಕೇಳಿದ್ದಕ್ಕೆ "ಅದು ಮಣ್ಣಿನೊಳಗೆ ಹಾಕುವ ಪೈಪ್ ಅಕ್ಕ, ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ" ಎಂದರು. ಅಂದರೆ ಅವರಿಗೆ ಗೊತ್ತಿತ್ತು! ಒಂದೇ ಪೈಪಿನ ವಿಷಯದಲ್ಲಿ ಮಾತ್ರ ಇಲಿಯ ಉದಾಹರಣೆ ಕೊಟ್ಟ ಮೇಲೆ ಒಪ್ಪಿದರು. ಅಟ್ಟದಲ್ಲಿ ನೇರಕ್ಕೆ ಗಟ್ಟಿ ಪೈಪ್, ತಿರುವಿಗೆ ಬೂದು ಸುರುಳಿ, ಎರಡು ಸಾಲು, ಬೇರೆ ಬೇರೆ ಬಾಕ್ಸ್. ಆರ್‌ಸಿಸಿಬಿ ಹಾಕಿಸಿದ್ದೇನೆ, ಟೆಸ್ಟ್ ಬಟನ್ ಒತ್ತಿದಾಗ ಫ್ರಿಜ್ ಸಮೇತ ಆಫ್ ಆಯಿತು. ಹಟ್ಟಿಗೆ ಫೈಬರ್ ತರಿಸಿದ್ದೇನೆ. ಅದು ಬಂದ ಮೇಲೆ ಅಟ್ಟದ ಪೈಪಲ್ಲಿ ಎರಡೇ ಕೇಬಲ್. ಆದರೂ 25ನ್ನೇ ಬಿಟ್ಟಿದ್ದೇನೆ, ನಾಳೆ ಏನು ಬರುತ್ತದೋ.

ಕೊನೆಯ ಪ್ರಶ್ನೆ. ಫೈಬರ್ ಅಂಗಳದ ಅಡಿಯಲ್ಲಿ ಹೋಗಬೇಕು. ಹೇಗೂ 50 ಮೀಟರ್ ಕಿತ್ತಳೆ ಉಳಿದಿದೆ. ಮಣ್ಣೊಳಗೆ ಉರಿಯುವ ಭಯ ಇಲ್ಲ. ಅದನ್ನೇ ಹಾಕಬಹುದಾ?

ಪಡುಬಿದ್ರಿ_ವಯರ್‌ಮ್ಯಾನ್

ಕಿತ್ತಳೆಯ ಒಳಗೆ ಬೆರಳು ಹಾಕಿ ನೋಡಿ. ಒಳಗೂ ಗೆರೆ ಇದ್ದರೆ ಒಂದೇ ಪದರ, ಟ್ರ್ಯಾಕ್ಟರ್ ಬಿಡಿ, ಗೊಬ್ಬರದ ಕೈಗಾಡಿಗೂ ಚಪ್ಪಟೆಯಾಗುತ್ತದೆ. ಹೊರಗೆ ಗೆರೆ, ಒಳಗೆ ನುಣುಪು ಇದ್ದರೆ ಎರಡು ಪದರದ್ದು, ಅದು ಹುಗಿಯಲು ಮಾಡಿದ್ದೇ, ಐಎಸ್ 14930 ಅಂತ ಅಚ್ಚು ಹುಡುಕಿ.

ಎರಡಡಿ ಆಳ ತೆಗೆಸಿ. ತೆಂಗಿನ ಬುಡ ಬಿಡಿಸುವವನ ಹಾರೆಗೆ ಸಿಗಬಾರದು. ಪೈಪಿನ ಮೇಲೆ ಮರಳು, ಮರಳಿನ ಮೇಲೆ ಒಡೆದ ಹಂಚು ಸಾಲಾಗಿ ಇಡಿ. ಮುಂದೆ ಯಾರಾದರೂ ಅಗೆದರೆ ಮೊದಲು ಹಂಚು ಸಿಗುತ್ತದೆ. ಒಳಗೆ ನೈಲಾನ್ ಹಗ್ಗ ಒಂದು ಬಿಟ್ಟಿರಿ, ಇನ್ನೊಂದು ಕೇಬಲ್ ಎಳೆಯಲು.

ಹಟ್ಟಿ_ಆಫೀಸ್

ಒಳಗೂ ಗೆರೆ. ಹೋಯಿತು ಹಾಗಾದರೆ. ಕಪ್ಪು ಎಚ್‌ಡಿಪಿಇ ತರಿಸುತ್ತೇನೆ. ಕಿತ್ತಳೆಯನ್ನು ಅಮ್ಮ ಆಗಲೇ ಎರಡೆರಡು ಅಡಿಗೆ ತುಂಡು ಮಾಡಿಸಿ ಮಲ್ಲಿಗೆ ಗಿಡಗಳ ಬುಡಕ್ಕೆ ಊರಿದ್ದಾರೆ, ನೀರು ಬೇರಿಗೇ ಇಳಿಯಲಿ ಅಂತ.

ಮತ್ತೆ, ಬಾವಿಕಟ್ಟೆಯ ಕ್ಯಾಮೆರಾ ಮೊನ್ನೆಯಿಂದ ಕೆಲಸ ಮಾಡುತ್ತಿದೆ. ಮಂಗವೇ. ಪಕ್ಕದ ಮನೆಗೆ ಅಮ್ಮ ಹಲಸಿನ ಹಪ್ಪಳ ಕಳಿಸಿದರು.

ಪಡುಬಿದ್ರಿ_ವಯರ್‌ಮ್ಯಾನ್

ಒಳ್ಳೆಯದಾಯಿತು. ಅಟ್ಟದ ಬಾಕ್ಸುಗಳ ಮುಚ್ಚಳ ಇವತ್ತೇ ಹಾಕಿಸಿ ಅಕ್ಕ. ನಾಳೆ ಅಂತ ಬಿಟ್ಟರೆ ಹಲ್ಲಿ ಒಳಗೆ ಮೊಟ್ಟೆ ಇಡುತ್ತದೆ.